ಆರಿಸಿದರೂ ಮರೆಯದ ಯಂತ್ರ

“ಹದಿನೇಳು, ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು...”

ಓಂಕಾರಪ್ಪ ಕಣ್ಣು ಮುಚ್ಚಿ ಎಣಿಸುತ್ತಿದ್ದ. ಬಲಗೈ ಪ್ರಿಂಟರಿನ ಸ್ವಿಚ್ಚಿನ ಮೇಲೆ, ಎಡಗೈಯಲ್ಲಿ ವಿಭೂತಿಗಟ್ಟಿ. ಇಪ್ಪತ್ತೊಂದು ಎಂದವನೇ ಸ್ವಿಚ್ಚು ಒತ್ತಿದ. ಯಂತ್ರದ ಮುಚ್ಚಳದ ಮೇಲೆ ಮೂರು ಬೆರಳಿನಲ್ಲಿ ವಿಭೂತಿ ಎಳೆದು ಕೈ ಮುಗಿದ.

“ಆಯ್ತು ನೋಡಿ ಕರಿಬಸಮ್ಮನೋರೇ. ಆರಿಸಿ, ಇಪ್ಪತ್ತೊಂದು ಎಣಿಸಿ ಹಚ್ಚಿದ್ರೆ ಇದಕ್ಕೆ ಹಿಂದಿನ ಜನ್ಮದ್ದು ಒಂದೂ ನೆನಪಿರಲ್ಲ. ಯಾರಾದ್ರೂ ಒಳಗೆ ಏನಾದ್ರೂ ತುರುಕಿದ್ರೂ ಅಳಿಸಿ ಹೋಗಿರುತ್ತೆ. ಸೈಕ್ಲೋಸ್ಟೈಲ್ ಕಾಲದಲ್ಲಿ ಸ್ಟೆನ್ಸಿಲ್ ಸುಟ್ಟು ಬೂದಿ ಮಾಡ್ತಿದ್ದೆ. ಈಗ ಇದು.”

ಯಂತ್ರ ಗುರ್ ಎಂದು ಎದ್ದು, ತನ್ನ ಪಾಡಿಗೆ ತಾನು ಒಂದು ಹಾಳೆಯನ್ನು ಹೊರಗೆ ತಳ್ಳಿತು. ಓಂಕಾರಪ್ಪ ಅದನ್ನು ನೋಡಲೂ ಇಲ್ಲ. ಮೇಜಿನ ಮೇಲೆ ಹರಡಿ, ಮನೆಯಿಂದ ತಂದಿದ್ದ ಒಗ್ಗರಣೆ ಮಂಡಕ್ಕಿಯನ್ನು ಅದರ ಮೇಲೆ ಸುರಿದುಕೊಂಡ.

ಶಿವಮೊಗ್ಗದ ರವೀಂದ್ರನಗರದಲ್ಲಿರುವ ಸಿರಿಗಂಧ ವಿದ್ಯಾಸಂಸ್ಥೆಯ ನೆಲಮಾಳಿಗೆಯ ಕೋಣೆ ಅದು. ಹೊರಗಿನಿಂದ ಬೀಗ ಬಿದ್ದು ಅರ್ಧ ಗಂಟೆಯಾಗಿತ್ತು. ಕಳೆದ ಎರಡು ಭಾನುವಾರ ಎರಡು ಪ್ರಶ್ನೆಪತ್ರಿಕೆಗಳ ಗುಟ್ಟು ಇದೇ ಬೀಗದ ಒಳಗಿನಿಂದ ಸೋರಿತ್ತು. ಇವತ್ತು ಮೂರನೆಯ ಪತ್ರಿಕೆ, ಒಳಗೆ ಮೂವರು.

ಒಬ್ಬ ಪರೀಕ್ಷಾ ಸೂಪರಿಂಟೆಂಡೆಂಟ್ ಓಂಕಾರಪ್ಪ. ಇನ್ನೊಬ್ಬಳು ಗೋಪಾಳದ ಸುಮನಾ, ಕಂಪ್ಯೂಟರ್ ಆಪರೇಟರ್, ಇಪ್ಪತ್ತಾರರ ಹುಡುಗಿ. ಮೂರನೆಯವಳು ಕರಿಬಸಮ್ಮ. ನಾನೂರ ಹದಿನೇಳನೇ ನಂಬರಿನ ಮಹಿಳಾ ಪೇದೆಯಾಗಿ ಇಲಾಖೆಗೆ ಸೇರಿ, ಸಬ್‌ಇನ್ಸ್‌ಪೆಕ್ಟರಾಗಿ ನಿವೃತ್ತಳಾಗಿ, ಭದ್ರಾವತಿಯ ಜನ್ನಾಪುರದಲ್ಲಿ ಮನೆ ಮಾಡಿಕೊಂಡು, ಕೈ ಸುಮ್ಮನಿರದೆ ಖಾಸಗಿ ಪತ್ತೆ ಕೆಲಸಕ್ಕೆ ಇಳಿದವಳು.

ಬೀಗ ಹಾಕುವ ಮೊದಲು ಸಂಸ್ಥೆಯ ಕಾರ್ಯದರ್ಶಿ ಶಿವಯೋಗಪ್ಪ ಬಾಗಿಲಲ್ಲಿ ನಿಂತು ಹೇಳಿದ್ದ ಮಾತು ಅವಳ ಕಿವಿಯಲ್ಲಿ ಇನ್ನೂ ಇತ್ತು. “ಇವತ್ತೂ ಸೋರಿದ್ರೆ ನಾನು ಯಾರನ್ನೂ ಕೇಳಲ್ಲ. ಎರಡು ಗಂಟೆಗೆ ಬಾಗಿಲು ತೆಗೆದವನೇ ಸುಮನಾನ್ನ ಪೊಲೀಸಿನೋರ ಕೈಗೆ ಕೊಡ್ತೀನಿ. ಅಷ್ಟರೊಳಗೆ ಬೇರೆ ಹೆಸರು ಸಿಕ್ಕಿದ್ರೆ ಹೇಳಿ.”

ಸುಮನಾ ಅದನ್ನು ಕೇಳಿಸಿಕೊಂಡು ತಲೆ ಎತ್ತಿರಲಿಲ್ಲ.

ಮಧ್ಯಾಹ್ನ ಮೂರಕ್ಕೆ ಪ್ಯಾರಾಮೆಡಿಕಲ್ ಪ್ರವೇಶ ಪರೀಕ್ಷೆ. ನೂರು ಪ್ರಶ್ನೆ, ಒಂದೊಂದಕ್ಕೆ ನಾಲ್ಕು ಉತ್ತರ, ಸರಿಯಾದದ್ದಕ್ಕೆ ಗುರುತು ಹಾಕಬೇಕು. ಅಂಥ ಐದು ಸೆಟ್ಟುಗಳು. ಐದರ ಉತ್ತರಪಟ್ಟಿಯೂ ತಿಂಗಳ ಹಿಂದೆಯೇ ಬೀರುವಿನಿಂದ ಕಳುವಾಗಿದ್ದನ್ನು ಕರಿಬಸಮ್ಮ ನಿನ್ನೆ ಸಂಜೆಯಷ್ಟೇ ಪತ್ತೆ ಹಚ್ಚಿದ್ದಳು. ಹೊಸ ಪ್ರಶ್ನೆ ಬರೆಸಲು ಸಮಯವಿರಲಿಲ್ಲ.

ಆದರೆ ಐನೂರು ಉತ್ತರ ಯಾರಿಗೂ ಬಾಯಿಪಾಠ ಆಗುವುದಿಲ್ಲ. ಯಾವ ಸೆಟ್ಟು ಎಂದು ಗೊತ್ತಾದರೆ ಮಾತ್ರ ನೂರನ್ನು ಹೇಗೋ ತಲೆಗೆ ತುಂಬಿಕೊಳ್ಳಬಹುದು. ಯಾವ ಸೆಟ್ಟು ಎನ್ನುವುದು ಮಾತ್ರ ಬೀಗ ಬಿದ್ದ ಮೇಲೆ, ಹಿತ್ತಾಳೆ ಚೊಂಬಿನೊಳಗಿನ ಐದು ಚೀಟಿಗಳಲ್ಲಿ ಒಂದನ್ನು ಎತ್ತಿದಾಗಲೇ ತೀರ್ಮಾನವಾಗುವುದು.

ಚೀಟಿಯನ್ನು ಕರಿಬಸಮ್ಮನೇ ಎತ್ತಿದಳು. ಮೂರು ಬಂತು.

“ಮೂರನೇ ಸೆಟ್ಟು, ನೂರ ಎಂಬತ್ತು ಪ್ರತಿ,” ಎಂದ ಓಂಕಾರಪ್ಪ. ಸುಮನಾ ಕೀಲಿಮಣೆ ಒತ್ತಿದಳು. ಹಾಳೆಗಳು ಒಂದರ ಮೇಲೊಂದು ಬೀಳತೊಡಗಿದವು.

ಕರಿಬಸಮ್ಮ ಕಿಟಕಿ ನೋಡಿದಳು. ಮೊಳೆ ಹೊಡೆದು ಮುಚ್ಚಿತ್ತು. ಗಾಳಿಕಿಂಡಿಗೆ ಜಾಲರಿ. ಮೊಬೈಲುಗಳೆಲ್ಲ ಹೊರಗಿನ ಪೆಟ್ಟಿಗೆಯಲ್ಲಿ. ಒಂದು ಇಂಟರ್‌ಕಾಮ್ ಇತ್ತು, ಅದು ಕಾರ್ಯದರ್ಶಿಯ ಕೋಣೆಗೆ ಬಿಟ್ಟು ಬೇರೆಲ್ಲಿಗೂ ಹೋಗುತ್ತಿರಲಿಲ್ಲ. ಸುಮನಾಳನ್ನು ಆಕೆಯೇ ತಪಾಸಣೆ ಮಾಡಿದ್ದಳು, ಜಡೆಯನ್ನೂ ಬಿಚ್ಚಿಸಿ. ಆ ಹುಡುಗಿ ಅವಮಾನ ನುಂಗಿಕೊಂಡು ನಿಂತದ್ದನ್ನು ನೋಡಿ ಕರಿಬಸಮ್ಮನಿಗೆ ತನ್ನ ಕೆಲಸದ ಮೇಲೆಯೇ ಬೇಸರ ಬಂದಿತ್ತು.

ಹನ್ನೊಂದಕ್ಕೆ ಹತ್ತು ನಿಮಿಷವಿರುವಾಗ ಇಂಟರ್‌ಕಾಮ್ ಬಡಿದುಕೊಂಡಿತು.

“ಕರಿಬಸಮ್ಮನೋರೇ,” ಶಿವಯೋಗಪ್ಪನ ದನಿ ತಣ್ಣಗಿತ್ತು. “ನಿಮ್ಮ ನಂಜಮ್ಮನ ಫೋನು ಬಂದಿತ್ತು. ಜನ್ನಾಪುರದ ಟ್ಯೂಷನ್ನಿನಲ್ಲಿ ಮೂರನೇ ಸೆಟ್ಟಿನ ಉತ್ತರ ಬಾಯಿಪಾಠ ಮಾಡಿಸ್ತಿದಾರಂತೆ. ಚೀಟಿಯಲ್ಲಿ ಬಂದಿದ್ದು ಎಷ್ಟು?”

ಕರಿಬಸಮ್ಮ ಚೀಟಿಯನ್ನು ಮತ್ತೊಮ್ಮೆ ನೋಡಿದಳು. “ಮೂರು,” ಎಂದಳು.

“ಸರಿ. ಎರಡು ಗಂಟೆಗೆ ಬರ್ತೀನಿ.”

ನಂಜಮ್ಮ ಜನ್ನಾಪುರದಲ್ಲಿ ಆ ಟ್ಯೂಷನ್ನಿನ ಎದುರಿಗೇ ಇಡ್ಲಿ ಹೋಟೆಲು ನಡೆಸುವವಳು, ಕರಿಬಸಮ್ಮನ ಮೂವತ್ತು ವರ್ಷದ ಗೆಳತಿ. ಮೊಮ್ಮಗಳು ಅಲ್ಲಿಯೇ ಪಾಠಕ್ಕೆ ಹೋಗುವುದರಿಂದ ಒಳಗಿನ ಮಾತು ಅವಳ ಕಿವಿಗೆ ಬೇಗ ಬೀಳುತ್ತದೆ. ಹೋಟೆಲಿನ ಮೂಲೆಯಲ್ಲಿ ಕಾಯಿನ್ ಫೋನು ಇದೆ. ಅವಳಿಗಿಂತ ಒಳ್ಳೆಯ ಕಾವಲು ಬೇರೆ ಇಲ್ಲವೆಂದು ಕರಿಬಸಮ್ಮನೇ ಅವಳಿಗೆ ಈ ಕೆಲಸ ಒಪ್ಪಿಸಿದ್ದಳು.

ಓಂಕಾರಪ್ಪ ಮಂಡಕ್ಕಿ ಬಿಟ್ಟು ಎದ್ದ. ಮುಖ ಕಪ್ಪಿಟ್ಟಿತ್ತು.

“ಸುಮನಾ, ಈಗ್ಲಾದ್ರೂ ಹೇಳಿಬಿಡು ಮಾರಾಯ್ತಿ. ಹೆಂಗೆ ಕಳಿಸ್ದೆ?”

“ನಾನು ಏನೂ ಕಳಿಸಿಲ್ಲ ಸರ್. ನೀವಿಬ್ರೂ ಕಣ್ಣು ಮಿಟುಕಿಸದೆ ನನ್ನನ್ನೇ ನೋಡ್ತಿದ್ರಲ್ಲ.”

“ನಾನಂತೂ ಕಳಿಸಿಲ್ಲ. ಇವರು ಕಳಿಸಿಲ್ಲ. ಇನ್ನು ಉಳಿದೋರು ಯಾರು, ಗೋಡೆನಾ?”

“ಐದು ವರ್ಷ ಇಲ್ಲಿ ದುಡಿದಿದೀನಿ ಸರ್. ಹೋದ ತಿಂಗಳು ಕಾಯಂ ಆಯ್ತು. ಅದನ್ನ ನಾನೇ ಹಾಳು ಮಾಡ್ಕೊಳ್ತೀನಾ? ಪೊಲೀಸ್ ಜೀಪ್ ಹತ್ತಿಸಿದ್ರೆ ನಮ್ಮಮ್ಮ ಬದುಕಲ್ಲ. ಅಷ್ಟು ಮಾತ್ರ ನನಗೆ ಗೊತ್ತು.”

ಕರಿಬಸಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡಳು. ಸುಳ್ಳು ಹೇಳುವವರನ್ನು ಮೂವತ್ತು ವರ್ಷ ನೋಡಿದವಳು ಆಕೆ. ಇವರಿಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೂ ಗುಟ್ಟು ಹೊರಗೆ ಹೋಗಿದೆ.

ಆಕೆ ಸುಮ್ಮನೆ ಮೇಜಿನ ಮುಂದೆ ಕೂತಳು. ಮುಂದೆ ಓಂಕಾರಪ್ಪನ ಮಂಡಕ್ಕಿ. ಕೆಳಗಿನ ಹಾಳೆಗೆ ಎಣ್ಣೆ ಇಳಿದು ಅಕ್ಷರಗಳು ದಪ್ಪವಾಗಿ ಕಾಣುತ್ತಿದ್ದವು.

“ಇದೇನು ಹಾಳೆ?”

“ಅದಾ? ಹಚ್ಚಿದಾಗೆಲ್ಲ ಒಂದು ಉಗುಳುತ್ತೆ. ತನ್ನ ಕುಲಗೋತ್ರ ಹೇಳ್ಕೊಳ್ಳುತ್ತೆ, ಅಷ್ಟೇ. ಮಂಡಕ್ಕಿಗೆ ಲಾಯಕ್ಕು.”

“ಹಳೇವು ಇದಾವಾ?”

“ಸಂಸ್ಥೆ ಕಾಗದ ಎಸೆಯೋಕೆ ಬರುತ್ತಾ? ಡ್ರಾಯರಿನಲ್ಲಿ ಒಟ್ಟಿದೀನಿ.”

ಸರ್ಕಾರಿ ನೌಕರಿಯಲ್ಲಿ ಇರದಿದ್ದರೂ ಓಂಕಾರಪ್ಪನಿಗೆ ಸರ್ಕಾರಿ ಬುದ್ಧಿ. ಒಂದು ಹಾಳೆಯನ್ನೂ ಬಿಸಾಡಿರಲಿಲ್ಲ. ಅರಿಶಿನದ ಕಲೆ, ಎಣ್ಣೆಯ ಕಲೆ, ಅಲ್ಲಲ್ಲಿ ಅಂಟಿದ ಕರಿಬೇವಿನ ಎಲೆ ಸಮೇತ ಎರಡು ವರ್ಷದ ಹಾಳೆಗಳು ಡ್ರಾಯರಿನಲ್ಲಿದ್ದವು. ಪ್ರತಿಯೊಂದರ ಮೇಲೂ ತಾರೀಕು. ಕರಿಬಸಮ್ಮ ಅವನ್ನು ಸಾಲಾಗಿ ಹರಡಿ, ಒಂದರ ಪಕ್ಕ ಒಂದಿಟ್ಟು ಸಾಲು ಸಾಲು ಬೆರಳಿಟ್ಟು ಹೋಲಿಸಿದಳು. ಅರ್ಧ ಗಂಟೆ ಕಳೆಯಿತು. ಎಲ್ಲ ಹಾಳೆಗಳೂ ಒಂದೇ ಥರ. ಎರಡು ಸಾಲು ಮಾತ್ರ ಬೇರೆ.

“ಸುಮನಾ, ಬಾ ಇಲ್ಲಿ. ಹೋದ ವರ್ಷದಿಂದ ಈ ಸಾಲಿನಲ್ಲಿ ಸೊನ್ನೆ ಇದೆ. ಈ ಏಪ್ರಿಲ್‌ನಿಂದ ಒಂದು ಅಂತ ಇದೆ. ಏನಿದು?”

ಸುಮನಾ ಬಗ್ಗಿ ನೋಡಿದಳು. “ಸುದ್ದಿ ಕೇಳಿಕೊಂಡೋರ ಸಂಖ್ಯೆ ಅಮ್ಮ.”

“ಅಂದ್ರೆ?”

“ಈ ಪ್ರಿಂಟರಿಗೆ ನಮ್ಮ ವಿಳಾಸ ಕೊಟ್ಟು, ನನಗೆ ಸುದ್ದಿ ಕಳಿಸ್ತಾ ಇರು ಅಂತ ಬರೆದಿಡಬಹುದು. ಪತ್ರಿಕೆಗೆ ಚಂದಾದಾರರಾಗಲ್ವಾ, ಹಂಗೆ. ಹಾಳೆ ಖಾಲಿ ಆದ್ರೆ, ಯಾರಾದ್ರೂ ಏನಾದ್ರೂ ಪ್ರಿಂಟ್ ಕೊಟ್ರೆ, ಇದೇ ನಮಗೆ ಈಮೇಲ್ ಕಳಿಸುತ್ತೆ. ವರ್ಷವಿಡೀ ಮೇಲಿನ ಆಫೀಸಿನೋರೂ ಇದರಲ್ಲೇ ಪ್ರಿಂಟ್ ತೆಗೀತಾರಲ್ಲ, ಹಾಳೆ ತುಂಬೋಕೆ ಓಡಾಡಿ ಸಾಕಾಗಿ ನಾನೂ ನನ್ನ ಹೆಸರು ಬರೆಸಿದ್ದೆ. ಆದ್ರೆ ಓಂಕಾರಪ್ಪ ಸರ್ ಪ್ರತಿ ಸಲ ಆರಿಸಿ ಹಚ್ತಿದ್ರು, ಹೆಸರು ಹಾರಿ ಹೋಗ್ತಿತ್ತು. ಮತ್ತೆ ಬರೆಸ್ಬೇಕು, ಮತ್ತೆ ಹಾರಿ ಹೋಗೋದು. ಬೇಜಾರಾಗಿ ಬಿಟ್ಟೆ.”

“ನೋಡಿದ್ರಾ,” ಎಂದ ಓಂಕಾರಪ್ಪ, ಆ ಹೊತ್ತಿನಲ್ಲೂ ತುಸು ಹೆಮ್ಮೆಯಿಂದ. “ಅದಕ್ಕೇ ಆರಿಸೋದು.”

ಕರಿಬಸಮ್ಮ ಎರಡನೇ ಸಾಲಿನ ಮೇಲೆ ಬೆರಳಿಟ್ಟಳು. “ಇದು?”

ಸುಮನಾ ಓದಿದಳು. ಮತ್ತೊಮ್ಮೆ ಓದಿದಳು. ಆಮೇಲೆ ಮೆಲ್ಲಗೆ ಹೇಳಿದಳು.

“‘ಆರಿಸಿ ಹಚ್ಚಿದ ಮೇಲೂ ಉಳಿಸು: ಹೌದು.’ ಇದು ಮೊದಲು ಇಲ್ಲ ಅಂತ ಇತ್ತು. ಮಾರ್ಚಿನಲ್ಲಿ ನಾನೇ ವಿಜಯೇಂದ್ರ ಸರ್ ಹತ್ರ ಕೇಳಿದ್ದೆ, ಆರಿಸಿದ್ರೂ ಹೆಸರು ಉಳಿಯೋ ಹಂಗೆ ಮಾಡೋಕಾಗಲ್ವಾ ಅಂತ. ಅಂಥ ಸೌಲಭ್ಯ ಇಲ್ಲ ಅಂದ್ರು.”

ವಿಜಯೇಂದ್ರ ಸಂಸ್ಥೆಯ ಕಂಪ್ಯೂಟರ್ ಮೇಷ್ಟ್ರು. ಪ್ರಿಂಟರಿನ ಸೆಟಿಂಗು ಬದಲಿಸುವ ಗುಟ್ಟಿನ ಪದ ಇರುವುದು ಅವನೊಬ್ಬನ ಹತ್ತಿರ.

ಕರಿಬಸಮ್ಮ ಪ್ರಿಂಟರಿನ ಹಿಂದೆ ಬಗ್ಗಿದಳು. ಅಲ್ಲಿಂದ ಹೊರಟ ಇಂಟರ್ನೆಟ್ಟಿನ ನೀಲಿ ತಂತಿಯೊಂದು ಗೋಡೆಯ ಬುಡದ ತೂತಿನೊಳಗೆ ಹೋಗಿತ್ತು. ಬೆಳಿಗ್ಗೆ ಕಿಟಕಿ, ಕಿಂಡಿ, ಬಚ್ಚಲ ಕೊಳವೆ ಎಲ್ಲವನ್ನೂ ತಡಕಿದವಳು ಇದನ್ನು ಕರೆಂಟಿನ ತಂತಿ ಎಂದುಕೊಂಡು ಬಿಟ್ಟಿದ್ದಳು. ತನ್ನ ಮೇಲೆಯೇ ಸಿಟ್ಟು ಬಂತು.

“ಈ ಸುದ್ದಿಯಲ್ಲಿ ಏನಿರುತ್ತೆ? ಪ್ರಶ್ನೆಪತ್ರಿಕೆ ಇರುತ್ತಾ?”

“ಇಲ್ಲಮ್ಮ. ಯಾವ ಹೆಸರಿನ ಕಡತ, ಎಷ್ಟು ಪ್ರತಿ, ಎಷ್ಟು ಹೊತ್ತಿಗೆ, ಅಷ್ಟೇ.”

“ಕಡತದ ಹೆಸರು ಏನು ಕೊಟ್ಟಿದೀರಿ?”

ಸುಮನಾ ಕಂಪ್ಯೂಟರಿನ ಕಡೆ ತಿರುಗಿ ನೋಡಿದಳು. “ಸೆಟ್ ಮೂರು,” ಎಂದಳು.

ಓಂಕಾರಪ್ಪ ನಿಧಾನವಾಗಿ ಕುರ್ಚಿಯಲ್ಲಿ ಕುಸಿದ. ಹತ್ತೊಂಬತ್ತು ವರ್ಷ ಬೀಗ ಹಾಕಿಸಿಕೊಂಡು ಕಾಪಾಡಿದ ಗುಟ್ಟನ್ನು ಅವನೇ ವಿಭೂತಿ ಹಚ್ಚಿ ಕೂರಿಸಿದ ಯಂತ್ರ ಊರಿಗೆ ಸಾರಿತ್ತು. ಆ ಮನುಷ್ಯನನ್ನು ನೋಡಿ ಕರಿಬಸಮ್ಮನಿಗೆ ಪಾಪ ಎನಿಸಿತು.

“ಸಂಶಯ ಸಾಲಲ್ಲ, ಸಾಬೀತಾಗ್ಬೇಕು,” ಎಂದಳು ಆಕೆ. “ಸುಮನಾ, ಒಂದನೇ ಸೆಟ್ಟಿನ ಕಡತಕ್ಕೆ ‘ಸೆಟ್ ನಾಲ್ಕು’ ಅಂತ ಹೆಸರಿಡು. ಅದನ್ನ ನೂರ ಎಂಬತ್ತು ಪ್ರತಿ ಹೊಡಿ. ಹೊಡೆದು ಬಂದು ನನ್ನ ಮುಂದೆ ಕೈ ಎರಡೂ ಮೇಜಿನ ಮೇಲಿಟ್ಟು ಕೂತ್ಕೋ. ಓಂಕಾರಪ್ಪನೋರೇ, ನೀವೂ ಅಷ್ಟೇ. ಬಾಯಿ ಬಿಡೋ ಮನುಷ್ಯರಾದ್ರೆ ಒಂದು ಅಂತಾರೆ. ಯಂತ್ರವಾದ್ರೆ ಅದಕ್ಕೆ ಕೊಟ್ಟ ಹೆಸರನ್ನೇ ಹೇಳುತ್ತೆ.”

ಇಂಟರ್‌ಕಾಮಿನಲ್ಲಿ ಶಿವಯೋಗಪ್ಪನಿಗೆ ಬೇರೆ ಸೆಟ್ಟು ಹೊಡೆಯುತ್ತೇವೆ ಎಂದಷ್ಟೇ ತಿಳಿಸಿದಳು. ಎಷ್ಟನೆಯದು ಎಂದು ಹೇಳಲಿಲ್ಲ.

ಹನ್ನೆರಡಕ್ಕೆ ಹಾಳೆಗಳು ಬೀಳಲು ಶುರುವಾದವು. ಆರು ಕೈಗಳು ಮೇಜಿನ ಮೇಲೆ. ಫ್ಯಾನು ತಿರುಗುತ್ತಿತ್ತು, ಬೆವರು ಇಳಿಯುತ್ತಿತ್ತು. ಕರಿಬಸಮ್ಮ ಸುಮನಾಳ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

“ಹೆದರ್ಬೇಡ ಮಾರಾಯ್ತಿ. ಎರಡು ಗಂಟೆಗೆ ನೀನು ನಿಮ್ಮನೆಗೆ ಹೋಗ್ತೀಯ. ಅದು ನನ್ನ ಮಾತು.”

ಹನ್ನೆರಡೂ ಇಪ್ಪತ್ತಕ್ಕೆ ಇಂಟರ್‌ಕಾಮ್ ಮತ್ತೆ ಬಡಿದುಕೊಂಡಿತು.

“ನಂಜಮ್ಮ ಮತ್ತೆ ಮಾಡಿದ್ಲು,” ಎಂದ ಶಿವಯೋಗಪ್ಪ. “ಮೂರನೇದನ್ನ ಬಿಟ್ಟು ಈಗ ನಾಲ್ಕನೇ ಸೆಟ್ಟು ಹೇಳಿಕೊಡ್ತಿದಾರಂತೆ.”

ಸುಮನಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎರಡು ವಾರದಿಂದ ತಡೆದಿಟ್ಟದ್ದೆಲ್ಲ ಒಮ್ಮೆಗೇ ಬಂತು.

“ಸರ್, ಇಲ್ಲಿಂದ ಹೇಳ್ತಿರೋದು ಪ್ರಿಂಟರು,” ಎಂದಳು ಕರಿಬಸಮ್ಮ. “ಇದರೊಳಗೆ ಯಾರೋ ವಿಜಯೇಂದ್ರನ ಕೈಲಿ ತಮ್ಮ ವಿಳಾಸ ಬರೆಸಿಟ್ಟಿದಾರೆ. ಹುಡುಗಿ ತಪ್ಪಿಲ್ಲ.”

ಶಿವಯೋಗಪ್ಪ ಒಪ್ಪಲಿಲ್ಲ. “ಆ ಪ್ರಿಂಟರನ್ನ ದಿನಾ ಮುಟ್ಟೋಳು ಅವಳೇ ಅಲ್ವಾ? ವಿಳಾಸ ಅವಳದ್ದೇ ಇರಬಹುದು. ಅಲ್ಲ ಅನ್ನೋದಾದ್ರೆ ಯಾರದ್ದು ಅಂತ ಹೇಳಿ. ಎರಡು ಗಂಟೆವರೆಗೆ ಸಮಯ ಇದೆ.”

ಫೋನು ಇಟ್ಟ ಸದ್ದು ಕೇಳಿಸಿತು.

“ವಿಳಾಸ ನೋಡೋಕೆ ಬರುತ್ತಾ?”

“ಬದಲಿಸೋಕೆ ಗುಟ್ಟಿನ ಪದ ಬೇಕು,” ಎಂದಳು ಸುಮನಾ, ಕಣ್ಣೊರೆಸಿಕೊಳ್ಳುತ್ತ. “ನೋಡೋಕೆ ಬೇಡ. ಪ್ರಿಂಟರಿನ ಗುಂಡಿ ಒತ್ತಿದ್ರೆ ಪಟ್ಟಿ ಕೊಡುತ್ತೆ.”

ಪ್ರತಿಗಳೆಲ್ಲ ಬಿದ್ದು ಮುಗಿಯುವವರೆಗೆ ಕಾದರು. ಓಂಕಾರಪ್ಪ ಕಟ್ಟುಗಳನ್ನು ದಾರದಿಂದ ಬಿಗಿಯುತ್ತಿದ್ದಾಗ ಸುಮನಾ ಗುಂಡಿಗಳನ್ನು ಒಂದೊಂದಾಗಿ ಒತ್ತಿದಳು. ಒಂದು ಹಾಳೆ ಹೊರಬಂತು. ಅದರಲ್ಲಿ ಒಂದೇ ಒಂದು ಸಾಲು. ಕರಿಬಸಮ್ಮ ಅದನ್ನು ಕೈಗೆತ್ತಿಕೊಂಡಳು.

ಡಬ್ಲ್ಯೂಪಿಸಿ ನಾಲ್ಕು ಒಂದು ಏಳು ಜನ್ನಾಪುರ.

ಅದು ಅವಳದೇ ನಂಬರು.

ಮಹಿಳಾ ಪೇದೆ ನಾನೂರ ಹದಿನೇಳು. ಎರಡು ವರ್ಷದ ಹಿಂದೆ ಪಿಂಚಣಿ ಕಚೇರಿಯವರು ಈಮೇಲ್ ವಿಳಾಸ ಕೇಳಿದಾಗ ಸುದೀಪನೇ ಕೂತು ಮಾಡಿಕೊಟ್ಟಿದ್ದ. ‘ಅತ್ತೆ, ನಿಮ್ಮ ನಂಬರನ್ನೇ ಇಟ್ಟಿದೀನಿ, ಮರೆಯಲ್ಲ ನೀವು’ ಎಂದು ನಕ್ಕಿದ್ದ. ಸುದೀಪ ಅವಳ ಸತ್ತ ತಮ್ಮನ ಮಗ. ಒಂಬತ್ತನೇ ವಯಸ್ಸಿನಿಂದ ಅವಳೇ ಸಾಕಿ ದೊಡ್ಡವನನ್ನು ಮಾಡಿದವನು. ಈಗ ಮೂವತ್ತರ ಗಂಡಸು, ಜನ್ನಾಪುರದಲ್ಲಿ ಸೈಬರ್ ಸೆಂಟರ್ ಇಟ್ಟಿದ್ದಾನೆ.

ಆ ಈಮೇಲಿನ ಗುಟ್ಟಿನ ಪದವನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಿದ್ದ. ಚೀಟಿಗಳನ್ನು ಕಳೆಯುವುದರಲ್ಲಿ ಕರಿಬಸಮ್ಮ ಎತ್ತಿದ ಕೈ, ಹಾಗಾಗಿ ಮನೆಯ ಇನ್ನೊಂದು ಕೀಲಿಯ ಜೊತೆ ಅದನ್ನೂ ನಂಜಮ್ಮನ ಸಾಸಿವೆ ಡಬ್ಬಿಗೆ ಸೇರಿಸಿದ್ದಳು. ಆಮೇಲೆ ಆ ಈಮೇಲ್ ಪೆಟ್ಟಿಗೆಯನ್ನು ತೆರೆದದ್ದೇ ಇಲ್ಲ. ಏನಾದರೂ ಬಂದರೆ ಸುದೀಪನೇ ನೋಡಿ ಹೇಳುತ್ತಿದ್ದ.

ನಿನ್ನೆ ಮಧ್ಯಾಹ್ನ ದಾವಣಗೆರೆಗೆ ಸಾಮಾನು ತರಲು ಹೋಗುತ್ತೇನೆಂದು ಹೊರಟವನು ಇನ್ನೂ ಬಂದಿಲ್ಲ. ದಾವಣಗೆರೆಯಲ್ಲೂ ಕಂಪ್ಯೂಟರ್ ಇರುತ್ತದಲ್ಲ.

“ಯಾರದ್ದಮ್ಮ ಇದು? ನಿಮಗೆ ಗೊತ್ತಾ?” ಸುಮನಾ ಭುಜದ ಮೇಲಿಂದ ಇಣುಕಿ ಕೇಳಿದಳು.

“ಗೊತ್ತಿಲ್ಲ,” ಎಂದಳು ಕರಿಬಸಮ್ಮ.

ಮೂವತ್ತು ವರ್ಷ ಬೇರೆಯವರ ಬಾಯಲ್ಲಿ ಹಿಡಿದ ಸುಳ್ಳು ಇವತ್ತು ತನ್ನ ಬಾಯಿಂದಲೇ ಎಷ್ಟು ಸಲೀಸಾಗಿ ಬಂತೆಂದು ಅವಳಿಗೇ ಅಚ್ಚರಿಯಾಯಿತು, ನಾಚಿಕೆಯೂ ಆಯಿತು.

ಗಂಟೆ ಒಂದೂ ಕಾಲು. ಆಕೆಯ ಕಣ್ಣು ಪ್ರಿಂಟರಿನ ಸ್ವಿಚ್ಚಿನ ಮೇಲೆ ಹೋಯಿತು. ಆರಿಸಿ ಇಪ್ಪತ್ತೊಂದು ಎಣಿಸಿದರೆ ಎಲ್ಲ ಅಳಿಸಿ ಹೋಗುವ ಕಾಲವೊಂದಿತ್ತು. ಈಗ ನೂರು ಸಲ ಆರಿಸಿದರೂ ಅದು ಎದ್ದು ಅದೇ ಹೆಸರು ಹೇಳುತ್ತದೆ. ಹಾಳೆಯನ್ನು ಹರಿದು ಹಾಕಬಹುದು. ಹರಿದರೆ ಈ ಹುಡುಗಿ ಜೀಪು ಹತ್ತುತ್ತಾಳೆ. ಹರಿಯದಿದ್ದರೆ ಸುದೀಪ.

ಬಾಗಿಲಿಗೆ ಒಂದೇ ಬೀಗ ಇದ್ದದ್ದು ಬೆಳಿಗ್ಗೆ. ಈಗ ಅವಳೊಳಗೂ ಒಂದು ಬಿದ್ದಿತ್ತು.

“ಊಟ ಮಾಡಿ ಅಮ್ಮ, ಬೆಳಿಗ್ಗೆಯಿಂದ ಏನೂ ತಿಂದಿಲ್ಲ,” ಎಂದು ಸುಮನಾ ಮೂಲೆಯಲ್ಲಿದ್ದ ಕರಿಬಸಮ್ಮನ ಟಿಫನ್ ಡಬ್ಬಿ ಎತ್ತಿಕೊಂಡಳು. ಮುಚ್ಚಳ ಬಿಗಿಯಾಗಿತ್ತು. ಬುಡ ಹಿಡಿದು ತಿರುಗಿಸಲು ಡಬ್ಬಿಯನ್ನು ಓರೆ ಮಾಡಿದವಳು ಹಾಗೇ ನಿಂತುಬಿಟ್ಟಳು.

ಪಾತ್ರೆ ಅಂಗಡಿಯವನು ಡಬ್ಬಿಯ ಬುಡದಲ್ಲಿ ಚುಕ್ಕೆ ಚುಕ್ಕೆಯಾಗಿ ಕೆತ್ತಿಕೊಟ್ಟಿದ್ದ ಮೂರು ಅಂಕಿಗಳು. ಎಲ್ಲರೂ ತಮ್ಮ ಹೆಸರು ಹಾಕಿಸಿದರೆ ಕರಿಬಸಮ್ಮ ತನ್ನ ನಂಬರು ಹಾಕಿಸಿದ್ದಳು. 417.

ಸುಮನಾ ಡಬ್ಬಿ ನೋಡಿದಳು. ಮೇಜಿನ ಮೇಲಿನ ಹಾಳೆ ನೋಡಿದಳು. ಕೊನೆಗೆ ಕರಿಬಸಮ್ಮನ ಮುಖ ನೋಡಿದಳು.

ಕೂಗಲಿಲ್ಲ, ಕೇಳಲೂ ಇಲ್ಲ. ಡಬ್ಬಿಯನ್ನು ತಂದು ಅವಳ ಮುಂದಿಟ್ಟು, “ಊಟ ಮಾಡಿ,” ಎಂದಷ್ಟೇ ಹೇಳಿ ತನ್ನ ಕುರ್ಚಿಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಬೈದಿದ್ದರೆ ಕರಿಬಸಮ್ಮ ತಡೆದುಕೊಳ್ಳುತ್ತಿದ್ದಳು. ಆ ಬೆನ್ನನ್ನು ನೋಡಿಕೊಂಡು ನಲವತ್ತು ನಿಮಿಷ ಕೂತಿರುವುದು ಆಗಲಿಲ್ಲ. ಡಬ್ಬಿಯ ಮುಚ್ಚಳ ತೆರೆಯಲೇ ಇಲ್ಲ.

ಎರಡು ಗಂಟೆಗೆ ಸರಿಯಾಗಿ ಬೀಗ ತಿರುಗಿತು.

ಮೊದಲು ಬಿಳಿ ಪಂಚೆಯ ಶಿವಯೋಗಪ್ಪ. ಹಿಂದೆ ಇನ್ಸ್‌ಪೆಕ್ಟರ್ ಜಟ್ಟಪ್ಪ, ಅವನ ಹಿಂದೆ ಇಬ್ಬರು ಮಹಿಳಾ ಪೇದೆಯರು. ಪೇದೆಯರ ಭುಜದ ಮೇಲಿನ ನಂಬರುಗಳನ್ನು ಕರಿಬಸಮ್ಮ ಅಭ್ಯಾಸಬಲದಿಂದ ಓದಿಕೊಂಡಳು.

“ಹೆಸರು ಸಿಕ್ತಾ?” ಎಂದ ಶಿವಯೋಗಪ್ಪ.

ಒಬ್ಬ ಪೇದೆ ಸುಮನಾಳ ಕಡೆ ಹೆಜ್ಜೆಯಿಟ್ಟಳು. ಸುಮನಾ ಎದ್ದು ನಿಂತಳು. ದುಪಟ್ಟಾ ಸರಿಮಾಡಿಕೊಂಡಳು. ಆಗಲೂ ಅವಳು ಡಬ್ಬಿಯ ಕಡೆ ಬೆರಳು ಮಾಡಲಿಲ್ಲ.

“ಅವಳನ್ನ ಮುಟ್ಟಬೇಡಿ,” ಎಂದಳು ಕರಿಬಸಮ್ಮ. ಹಾಳೆಯನ್ನು ತೆಗೆದು ಶಿವಯೋಗಪ್ಪನ ಮುಂದೆ ಚಾಚಿದಳು. “ಈ ವಿಳಾಸ ನನ್ನದು.”

ಓಂಕಾರಪ್ಪನ ಕೈಯಿಂದ ದಾರದುಂಡೆ ಬಿತ್ತು.

ಶಿವಯೋಗಪ್ಪ ಹಾಳೆಯನ್ನು ತೆಗೆದುಕೊಳ್ಳಲಿಲ್ಲ. ಜೇಬಿನಿಂದ ಒಂದು ವಿಸಿಟಿಂಗ್ ಕಾರ್ಡು ತೆಗೆದು ಮೇಜಿನ ಮೇಲಿಟ್ಟ. ಹೋದ ವರ್ಷ ಹಾಸ್ಟೆಲಿನ ಕಳ್ಳತನ ಪತ್ತೆ ಮಾಡಿದಾಗ ಕರಿಬಸಮ್ಮನೇ ಅವನಿಗೆ ಕೊಟ್ಟಿದ್ದ ಕಾರ್ಡು. ಹೆಸರಿನ ಕೆಳಗೆ ಅದೇ ವಿಳಾಸ.

“ಪ್ರಿಂಟರಿನಲ್ಲಿ ಈ ವಿಳಾಸ ನೋಡಿದಾಗಿನಿಂದ, ಎಂಟು ದಿನ ಆಯ್ತು, ಇದನ್ನ ಜೇಬಿನಲ್ಲಿ ಇಟ್ಕೊಂಡು ಓಡಾಡ್ತಿದೀನಿ,” ಎಂದ. “ವಿಜಯೇಂದ್ರ ಬರೆದಿಟ್ಟಿದ್ದು ಅಂತ ಒಪ್ಪಿಕೊಂಡಿದಾನೆ. ವಿಳಾಸ ಯಾರು ಕೊಟ್ರು ಅಂತ ಮಾತ್ರ ಬಾಯಿ ಬಿಡ್ತಿಲ್ಲ. ಸುಮನಾ ತಪ್ಪಿಲ್ಲ ಅಂತ ನನಗೆ ಆಗಲೇ ಗೊತ್ತಿತ್ತು. ನೀವು ಅವಳನ್ನ ಬಲಿ ಕೊಡ್ತೀರೋ ಇಲ್ವೋ ನೋಡ್ಬೇಕಿತ್ತು. ಅದಕ್ಕೇ ನಿಮ್ಮನ್ನೇ ಕರೆಸಿದ್ದು.”

ಸುಮನಾ ಕುರ್ಚಿಯ ಬೆನ್ನು ಹಿಡಿದುಕೊಂಡಳು. ತನ್ನ ಜೀವವನ್ನು ಎಂಟು ದಿನ ದಾಳವಾಗಿ ಉರುಳಿಸಿದ ಆ ಮನುಷ್ಯನನ್ನು ಅವಳು ನೋಡಿದ ನೋಟಕ್ಕೆ ಶಿವಯೋಗಪ್ಪ ಕಣ್ಣು ತಪ್ಪಿಸಿದ.

“ಆ ಪೆಟ್ಟಿಗೆ ನಾನು ತೆರೆಯಲ್ಲ,” ಎಂದಳು ಕರಿಬಸಮ್ಮ. “ನಮ್ಮ ಸುದೀಪ ನೋಡ್ತಾನೆ.”

“ಗೊತ್ತು ಮೇಡಂ,” ಎಂದ ಜಟ್ಟಪ್ಪ. ದನಿಯಲ್ಲಿ ಹಳೆಯ ಮರ್ಯಾದೆ ಇತ್ತು. “ಅವನು ದಾವಣಗೆರೆಗೆ ಹೋಗಿಲ್ಲ. ನಿನ್ನೆ ಮಧ್ಯಾಹ್ನದಿಂದ ನಮ್ಮ ಠಾಣೆಯಲ್ಲಿ ಕೂರಿಸ್ಕೊಂಡಿದೀವಿ. ಮೊಬೈಲ್ ಇಲ್ಲ, ಕಂಪ್ಯೂಟರ್ ಇಲ್ಲ. ಅಂಗಡಿಗೂ ಬೀಗ.”

ಕರಿಬಸಮ್ಮನಿಗೆ ಮೊದಲು ಎದೆಯ ಭಾರ ಇಳಿಯಿತು. ಮರುಕ್ಷಣವೇ ಅದಕ್ಕಿಂತ ದೊಡ್ಡದೊಂದು ಬಂದು ಕೂತಿತು. ನಿನ್ನೆ ಮಧ್ಯಾಹ್ನದಿಂದ ಸುದೀಪ ಠಾಣೆಯಲ್ಲಿದ್ದರೆ, ತಾನು ಇಲ್ಲಿ ಬೀಗದೊಳಗೆ ಇದ್ದರೆ, ಇವತ್ತು ಎರಡು ಸಲ ಆ ಪೆಟ್ಟಿಗೆ ತೆರೆದು ಓದಿದವರು ಯಾರು?

“ಅದನ್ನೇ ನಿಮ್ಮನ್ನ ಕೇಳೋಣ ಅಂತ,” ಎಂದ ಜಟ್ಟಪ್ಪ, ಅವಳ ಮುಖ ಓದಿದವನಂತೆ. “ಆ ಪೆಟ್ಟಿಗೆಯ ಗುಟ್ಟಿನ ಪದ ಇನ್ಯಾರಿಗೆ ಗೊತ್ತು?”

ಇಂಟರ್‌ಕಾಮ್ ಬಡಿದುಕೊಂಡಿತು. ಶಿವಯೋಗಪ್ಪ ಎತ್ತಿ ಕೇಳಿಸಿಕೊಂಡು, ಕರಿಬಸಮ್ಮನ ಕಡೆ ಚಾಚಿದ.

“ನಿಮ್ಮ ನಂಜಮ್ಮ. ನಿಮ್ಮ ಹತ್ರಾನೇ ಮಾತಾಡ್ಬೇಕಂತೆ. ಮೇಲಿಂದ ಲೈನು ಕೊಟ್ಟಿದಾರೆ.”

ಕರಿಬಸಮ್ಮ ಕಿವಿಗಿಟ್ಟುಕೊಂಡಳು. ಹಿಂದೆ ಶಿವಮೊಗ್ಗದ ಬಸ್ ನಿಲ್ದಾಣದ ಗದ್ದಲ ಕೇಳಿಸುತ್ತಿತ್ತು. ಜನ್ನಾಪುರದಲ್ಲಿ ಕಾವಲಿಗೆ ಕೂತಿರಬೇಕಾದವಳು ಇಲ್ಲಿಗೆ ಯಾಕೆ ಬಂದಳು?

“ಬಾಗ್ಲು ತೆಗೆದ್ರಾ ಅಕ್ಕ?” ನಂಜಮ್ಮನ ದನಿ ಯಾವತ್ತಿನಂತೆಯೇ ಬೆಚ್ಚಗಿತ್ತು. “ಮೊಮ್ಮಗಳನ್ನ ಪರೀಕ್ಷೆಗೆ ಕರ್ಕೊಂಡು ಬಂದಿದೀನಿ. ಒಂದೇ ಮಾತು ಕೇಳ್ಬೇಕಿತ್ತು, ಯಾರಿಗೂ ಹೇಳಲ್ಲ. ಕೊನೆಗೆ ಕೊಡ್ತಿರೋದು ನಾಲ್ಕನೇದೇ ತಾನೆ?”

ಕರಿಬಸಮ್ಮನಿಗೆ ಸಾಸಿವೆ ಡಬ್ಬಿಯಲ್ಲಿಟ್ಟ ಚೀಟಿ ನೆನಪಾಯಿತು; ನಂಜಮ್ಮ ಸೋರಿಕೆಯ ಸುದ್ದಿ ಕೊಟ್ಟದ್ದೂ ತನ್ನ ಮೇಲೆ ಸಂಶಯ ಬಾರದಿರಲೆಂದೇ. ಆಕೆ ಮೇಜಿನ ಮೇಲಿದ್ದ ಕಟ್ಟುಗಳನ್ನು ನೋಡಿದಳು. ಎಲ್ಲದರ ನೆತ್ತಿಯ ಮೇಲೂ ಒಂದು ಎಂದು ಅಚ್ಚಾಗಿತ್ತು.

“ಹೌದು ನಂಜಮ್ಮ,” ಎಂದಳು ಆಕೆ. “ನಾಲ್ಕನೇದೇ.”